ಎರಡನೇ ಕೀಲಿ

…ಅಲ್ಲಾ, ನಗು ಯಾಕೆ ಬಂತು ನಿಂಗೆ? ಕಡಲ ಕುದುರೆ ಅಂದಿದ್ದಕ್ಕಾ? ನಾನು ಹೇಳಿದ್ದಲ್ಲಪ್ಪ ಅದು, ನಿನ್ನ ಡಾಕ್ಟರಮ್ಮ ಹೇಳಿದ್ದು. ತಲೆಯೊಳಗೆ, ಕಿವಿಯ ನೇರಕ್ಕೆ, ಈ ಕಡೆ ಒಂದು ಆ ಕಡೆ ಒಂದು, ಕಡಲ ಕುದುರೆ ಆಕಾರದ ಚೂರು ಇರುತ್ತಂತೆ. ಹಿಪೊಕ್ಯಾಂಪಸ್ ಅಂತ ಹೆಸರು. ನಿಂಗೆ ಅಲ್ಲಿ ಕಿಡಿ ಹಾರುತ್ತಂತೆ. ಮೂವತ್ತೆಂಟು ವರ್ಷದಿಂದ ನಿನ್ನ ತಲೇಲಿ ಏನೂ ಇಲ್ಲ ಅಂತ ನಾನು ತಿಳ್ಕೊಂಡಿದ್ದೆ. ನೋಡಿದ್ರೆ ಒಳಗೆ ಕುದುರೆ ಲಾಯವೇ ಇದೆ!

ಏಯ್, ನಗಬೇಡ ಅಂದ್ನಲ್ಲ. ದವಡೆ ಅಲ್ಲಾಡಬಾರದು. ನಿನ್ನ ತಲೆಗೆ ವೈರು ಅಂಟಿಸಿದ ಆ ವೈರ್ ಮೇಡಂ ಏನು ಹೇಳಿ ಹೋದ್ರು? ನಾಲ್ಕು ಗಂಟೆವರೆಗೆ ಮಾತಿಲ್ಲ, ಅಗಿಯೋದಿಲ್ಲ, ಹಲ್ಲು ಕಡಿಯೋದಿಲ್ಲ. ದವಡೆ ಆಡಿದ್ರೆ ಪರದೆ ಮೇಲಿನ ಗೆರೆಗಳೆಲ್ಲ ಗೀಚಿಹೋಗುತ್ತವಂತೆ. ಬೇಕಾದ್ದನ್ನ ಕಾಗದದ ಮೇಲೆ ಬರಿ. ಅದಕ್ಕೇ ತಾನೇ ಪೆನ್ಸಿಲ್ ಕೊಟ್ಟಿರೋದು?

ಏನದು… 'ನೀರು.' ಆಯ್ತು ಮಹಾರಾಜ. ತಗೋ. ಸ್ಟ್ರಾದಲ್ಲಿ, ಮೆಲ್ಲಗೆ. ಆರು ಲಿಫ್ಟಿನ ಕೆಲಸ ಬಿಟ್ಟು ಬಂದಿದ್ದೀನಿ ಕಣೋ, ನಿಂಗೆ ನೀರು ಕುಡಿಸೋಕೆ.

ನೋಡು, ಕೇಳಿಸ್ತಾ? ಇವರ ಆಸ್ಪತ್ರೆ ಲಿಫ್ಟು. ಮೂರನೇ ಮಹಡಿಗೆ ಬಂದಾಗ ಒಂದು ಸಲ ಬಿಕ್ಕಳಿಸುತ್ತೆ. ಬೆಳಿಗ್ಗೆಯಿಂದ ಕೇಳ್ತಾ ಇದ್ದೀನಿ. ಬ್ರೇಕಿನ ಪಟ್ಟಿ ಸವೆದಿದೆ. ಅದನ್ನ ನೋಡ್ಕೊಳ್ಳೋ ಮೆಕ್ಯಾನಿಕ್ ಯಾರೋ ಪುಣ್ಯಾತ್ಮ, ಎಣ್ಣೆ ಬಿಟ್ಟು ಸಹಿ ಮಾಡಿ ಹೋಗಿರ್ತಾನೆ. ತಮ್ಮ ಲಿಫ್ಟಿನ ಬಿಕ್ಕಳಿಕೆ ಗೊತ್ತಿಲ್ಲ ಇವರಿಗೆ, ನಿನ್ನ ತಲೆಯ ಬಿಕ್ಕಳಿಕೆ ಕಂಡುಹಿಡೀತಾರಂತೆ.

ಕಣ್ಣು ಯಾಕೆ ಹಾಗೆ ಮಾಡ್ತೀಯಾ? ಬ್ರೇಕಲ್ಲ ಅಂತೀಯಾ? ಬೇರೆ ಏನೋ? ಹೂಂ, ನಿಂದು ಕಿವಿ, ಒಪ್ಕೊಳ್ತೀನಿ. ಅಪ್ಪನೂ ಅದನ್ನೇ ಹೇಳ್ತಿದ್ರು, ದೊಡ್ಡವನಿಗೆ ಬಾಯಿ, ಚಿಕ್ಕವನಿಗೆ ಕಿವಿ ಅಂತ. ಕಿವಿ ಇಟ್ಕೊಂಡು ಏನು ಮಾಡಿದೆ? ಅಂಗಡಿ ಗುಡಿಸ್ತೀಯಾ, ಟೀ ಕಾಯಿಸ್ತೀಯಾ. ಒಂದು ಸ್ಪ್ಯಾನರ್ ನಿನ್ನ ಕೈಗೆ ಕೊಡೋಕೆ ಆರು ವರ್ಷದಿಂದ ನಂಗೆ ಧೈರ್ಯ ಇಲ್ಲ. ಅಂಗಡಿ ಬೀದಿ ಮಕ್ಕಳೆಲ್ಲ ನಿನ್ನ ಸ್ಟ್ಯಾಚು ಅಂತ ಕರೀತಾರೆ. ನಡುರಸ್ತೇಲಿ ಹಾಲಿನ ಪ್ಯಾಕೆಟ್ ಹಿಡ್ಕೊಂಡು ನಿಂತುಬಿಡ್ತೀಯಾ. ತುಟಿ ಚಪ್ಪರಿಸ್ತೀಯಾ. ಬಲಗೈಯಲ್ಲಿ ಅಂಗಿ ಹಿಸುಕ್ತೀಯಾ. ಎರಡು ನಿಮಿಷ ಅಷ್ಟೇ. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ನಡ್ಕೊಂಡು ಬರ್ತೀಯಾ, ಹಾಲು ಎಲ್ಲಿ ಬಿತ್ತು ಅಂತ ನಮ್ಮನ್ನೇ ಕೇಳ್ತೀಯಾ.

ಗೊತ್ತು ಗೊತ್ತು. ಅತ್ತಿಗೆ ಹಿಂದೆ ಫೋನಲ್ಲಿ ಹಿಡಿದಿದ್ದ ವಿಡಿಯೋನ ನಿನ್ನೆ ನಿಂಗೆ ತೋರಿಸಿದ್ರಂತಲ್ಲ. ಹುಟ್ಟಿದಾಗಿಂದ ಮೊದಲ ಸಲ ನೀನೇ ನಿನ್ನ ಸ್ಟ್ಯಾಚು ನೋಡಿದೆ. ಹೇಗಿತ್ತು? ನಾವು ವರ್ಷಗಟ್ಟಲೆ ಪುಕ್ಕಟೆ ನೋಡಿದ ಆಟ ಅದು! ಎರಡು ಸಲ ಹಾಕಿಸಿಕೊಂಡು ನೋಡಿದೆಯಂತೆ. ನಿನ್ನ ಅತ್ತಿಗೆ ಹೇಳಿದಳು.

ಆಮೇಲೆ ಈ ಬಟನ್ನು. ನೋಡು, ಎಂಥ ದೊಡ್ಡ ಜವಾಬ್ದಾರಿ ನನಗೆ. ನೀನು ಸ್ಟ್ಯಾಚು ಆದಾಗ ಇದನ್ನ ಒತ್ತಬೇಕು. ಒತ್ತಿದ್ರೆ ಇಬ್ಬರು ಓಡಿ ಬರ್ತಾರೆ. ಅದಕ್ಕೆ ಮುಂಚೆ ನಿನ್ನ ಹೆಸರು ಕೇಳಬೇಕು. ಕೇಳಿ, ಯಾವುದಾದರೂ ಎರಡು ಪದ ಹೇಳಬೇಕು. ನಿಂಗೆ ಎಚ್ಚರ ಆದಮೇಲೆ ಆ ಪದ ಯಾವುದು ಅಂತ ಕೇಳಬೇಕು. ಹೇಳಿದ್ರೆ ಆ ಹೊತ್ತಲ್ಲಿ ನಿಂಗೆ ಕೇಳಿಸ್ತಿತ್ತು ಅಂತ. ಹೇಳದೆ ಇದ್ರೆ ಇಲ್ಲ. ಇದನ್ನ ಕಂಡುಹಿಡಿಯೋಕೆ ಮೂರು ದಿನ ಮಾತ್ರೆ ನಿಲ್ಲಿಸಿ, ಇಷ್ಟು ವೈರು ಅಂಟಿಸಿ, ತಲೆಗೆ ಬಿಳಿ ಬಟ್ಟೆ ಸುತ್ತಿ… ನನ್ನನ್ನ ಕೇಳಿದ್ದರೆ ನಿಂತ ಕಾಲಲ್ಲೇ ಹೇಳ್ತಿದ್ದೆ. ಕೇಳಿಸಲ್ಲ. ಏನೂ ಕೇಳಿಸಲ್ಲ. ಅಂಗೈ ಹುಣ್ಣು ನೋಡೋಕೆ ಕನ್ನಡಿ ಬೇಕಾ?

ಮೂಲೇಲಿ ಕ್ಯಾಮೆರಾ ಇದೆ, ಹೌದು. ಅದಕ್ಕೆ ಕಿವಿ ಇಲ್ಲ. ಮೈಕು ಕೆಟ್ಟು ತಿಂಗಳಾಯ್ತಂತೆ. ವಿಚಾರಿಸಿದೆ. ಯಾಕೆ ವಿಚಾರಿಸಿದೆ ಅಂದ್ರೆ… ಸುಮ್ಮನೆ ಕಣೋ. ಮೆಕ್ಯಾನಿಕ್ ಅಲ್ವಾ, ಯಾವ ಯಂತ್ರ ಕಂಡ್ರೂ ಕೇಳ್ತೀನಿ.

ಡಾಕ್ಟರಮ್ಮ ಇನ್ನೂ ಏನೇನೋ ಹೇಳಿದ್ರು. ಹಗಲು ಕಂಡಿದ್ದನ್ನ ಆ ಕುದುರೆ ಹಸಿಹಸಿಯಾಗಿ ಬರೆದಿಟ್ಟುಕೊಳ್ಳುತ್ತಂತೆ. ರಾತ್ರಿ ನಿದ್ದೇಲಿ ಅದನ್ನ ಮತ್ತೆ ಮತ್ತೆ ಓಡಿಸಿ ಗಟ್ಟಿ ಮಾಡುತ್ತಂತೆ. ನಿನ್ನ ತಲೇಲಿ ಸರಿಯಾಗಿ ಅದೇ ಹೊತ್ತಿಗೆ ಕಿಡಿ. ಸ್ಟ್ಯಾಚು ಆಗಲೇಬೇಕು ಅಂತಿಲ್ಲ, ನೋಡೋರಿಗೆ ಏನೂ ಕಾಣಲ್ಲ, ಒಳಗೊಳಗೇ ಚಟ್ ಚಟ್. ಬರೆದಿದ್ದೆಲ್ಲ ಒಣಗೋಕೆ ಮುಂಚೆ ಅಳಿಸಿಹೋಗುತ್ತೆ. ಅದಕ್ಕೇ ಇವರಿಗೆ ಎಷ್ಟೋ ಮಾಮೂಲಿ ದಿನಗಳೂ ನೆನಪಿರಲ್ಲ ಅಂದ್ರು. ನಾನಂದೆ, ಇಷ್ಟೇನಾ, ರಿಲೇ ಕಾಂಟ್ಯಾಕ್ಟ್ ಸುಟ್ಟಿದೆ ಅಂತ ಒಂದೇ ಮಾತಲ್ಲಿ ಹೇಳಬಾರದಿತ್ತಾ? ಆಕೆ ನಗಲಿಲ್ಲ. ಓದಿದವರಿಗೆ ನಗು ಕಮ್ಮಿ.

ನಕ್ಕಿದ್ದರೆ ಚೆನ್ನಾಗಿತ್ತು. ನಗೋ ಬದಲು ಆ ಮಾತು ಎತ್ತಿದರು.

ನೀನೂ ಇದ್ದೆಯಲ್ಲ, ಕೇಳಿಸಿಕೊಂಡೆ. ಅಂಥ ಹೊತ್ತಲ್ಲಿ ರೋಗಿ ಬಟ್ಟೆ ಹಿಸುಕಬಹುದು, ಸುಮ್ಮನೆ ನಡೆಯಲೂಬಹುದು. ಆದರೆ ಸಣ್ಣ ಕೀಲಿಯನ್ನ ಬೀಗಕ್ಕೆ ತೂರಿಸಿ, ತಿರುಗಿಸಿ, ಬೀಗ ಕಳಚಿ, ಸ್ವಿಚ್ಚಿನ ಹಿಡಿ ಮೇಲೆತ್ತೋದು ನನಗೆ ಅನುಮಾನ ಅಂದ್ರು. ಅನುಮಾನ ಅಂತೆ! ಆರು ವರ್ಷದ ಹಿಂದಿನ ವಿಷಯ. ಆಕೆ ಅಲ್ಲಿದ್ದರಾ? ನಾನಿದ್ದೆ.

ಏನು? ಆಕೆ ಹಾಗಂದ ತಕ್ಷಣ ನಾನು ಕುರ್ಚಿಯಿಂದ ಎದ್ದೆ ಅಂತಾನಾ? ಎದ್ದೆ. ಕಾಲು ಜೋಮು ಹಿಡಿದಿತ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ನೋಡಬೇಡ ನನ್ನ. ನಿನ್ನೆಯಿಂದ ನೋಡ್ತಿದ್ದೀನಿ, ಒಂಥರಾ ಇದ್ದೀಯಾ. ಅತ್ತಿಗೆ ಕೈಲಿ ಅಕ್ಕನಿಗೆ ಚೀಟಿ ಬೇರೆ ಕಳಿಸಿದ್ದೀಯಾ. 'ನಾಲ್ಕು ಗಂಟೆಗೆ ಬಾ, ಭಾವನನ್ನೂ ಕರ್ಕೊಂಡು ಬಾ.' ಏನು ಹೇಳ್ತೀಯಾ ಅವಳಿಗೆ? ಆರು ವರ್ಷ ನಿನ್ನ ಮುಖ ನೋಡಿಲ್ಲ ಅವಳು. ನೀನು ಗುಡಿಸಿದ ಅಂಗಡಿಗೂ ಕಾಲಿಡಲಿಲ್ಲ. ಈಗ ಬಂದು 'ಅಯ್ಯೋ ತಮ್ಮಾ' ಅಂತ ತಲೆ ಸವರ್ತಾಳೆ ಅಂದ್ಕೊಂಡ್ಯಾ? ಸವರೋಕೆ ಜಾಗ ಎಲ್ಲಿದೆ, ಎಲ್ಲಾ ಕಡೆ ವೈರು.

ನೆನಪಿಲ್ಲದಿದ್ದರೆ ಇನ್ನೊಂದು ಸಲ ಹೇಳ್ತೀನಿ, ಕೇಳು. ಎಷ್ಟು ಸಲ ಹೇಳಿಲ್ಲ ನಾನು! ಆರು ಮಹಡಿ ಕಟ್ಟಡ. ಭಾವ ಕೆಳಗೆ ಲಿಫ್ಟಿನ ಪಿಟ್ಟಿಗೆ, ಆ ತಳದ ಗುಂಡಿಗೆ ಇಳಿದಿದ್ದರು. ಮೇಲೆ ತಾರಸಿಯ ಮೆಷಿನ್ ರೂಮಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಬೀಗ ಹಾಕಿ, ಕೀಲಿ ಜೇಬಿಗೆ ಹಾಕ್ಕೊಂಡೇ ಇಳಿದಿದ್ದರು. ಅಪ್ಪ ಕಲಿಸಿದ್ದು ಅದನ್ನೇ ತಾನೇ? ಒಳಗೆ ಇಳಿದವನ ಜೇಬಲ್ಲೇ ಕೀಲಿ. ಅವನು ಮೇಲೆ ಬಂದು ತಾನೇ ತೆಗೆಯೋವರೆಗೆ ದೇವರು ಬಂದ್ರೂ ಕರೆಂಟಿಲ್ಲ. ಹೊಸ ಬೀಗ ತಂದ್ರೆ ಎರಡು ಕೀಲಿ ಬರುತ್ತೆ. ಎರಡನೇದನ್ನ ಅವತ್ತೇ ವೈಸಿನ ಇಕ್ಕಳಕ್ಕೆ ಕೊಟ್ಟು ಮುರಿದು ಹಾಕಬೇಕು. ಆ ಬೀಗದ ಎರಡನೇ ಕೀಲಿ ಮುರಿಯೋಕೆ ಯಾರ ಕೈಗೆ ಕೊಟ್ಟಿದ್ದೆ ನಾನು? ನಿನ್ನ ಕೈಗೆ. ನೀನು ಮುರಿದೆಯಾ? ಇಲ್ಲ. ಜೇಬಲ್ಲಿ ಇಟ್ಕೊಂಡು ಮರೆತೆ. ಮರೆತಿದ್ದೂ ಮರೆತೆ.

ಕೆಳಗಿಂದ ನಾನು ಮೂರು ಸಲ ಕೂಗಿದೆ, ಸ್ವಿಚ್ ಮುಟ್ಟಬೇಡ, ಭಾವ ಒಳಗಿದ್ದಾರೆ ಅಂತ. ಮೆಟ್ಟಿಲು ಹತ್ತಿ ಬಂದು ನೋಡ್ತೀನಿ, ಬೀಗ ನೇತಾಡ್ತಿದೆ, ಹಿಡಿ ಮೇಲಿದೆ, ನೀನು ತುಟಿ ಚಪ್ಪರಿಸ್ತಾ ನಿಂತಿದ್ದೀಯಾ, ಕೈಯಲ್ಲಿ ಎರಡನೇ ಕೀಲಿ. ಅಷ್ಟರಲ್ಲಿ ಲಿಫ್ಟು ಕೆಳಗೆ ಹೋಗಿತ್ತು. ಭಾವನ ಎಡಗಾಲು ಮೊಣಕಾಲಿನ ಕೆಳಗೆ… ಸಾಕು ಬಿಡು. ಈಗ ಮನೇಲಿ ಕೂತು ಮೋಟಾರಿಗೆ ತಂತಿ ಸುತ್ತುತ್ತಾರೆ ಆ ಮನುಷ್ಯ. ಒಂದು ದಿನ ನಿನ್ನ ಬೈಯಲಿಲ್ಲ. ಅಂಥ ಭಾವನಿಗೆ ನೀನು ಮಾಡಿದ್ದು ಅದು. ನಾನಾಗಿದ್ದಕ್ಕೆ ಪೊಲೀಸರ ಹತ್ತಿರ ಕಾಯಿಲೆ ಹುಡುಗ ಅಂತ ಹೇಳಿ ನಿನ್ನ ಉಳಿಸಿದೆ. ಅನ್ನ ಹಾಕಿದೆ. ಅಂಗಡೀಲಿ ಮಲಗೋಕೆ ಜಾಗ ಕೊಟ್ಟೆ.

ತಲೆ ಅಲ್ಲಾಡಿಸ್ತೀಯಾ? ಹೌದು ಅಂತಾನೋ ಇಲ್ಲ ಅಂತಾನೋ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನಂದು. ಬರಿ, ಬರಿ. ಪೆನ್ಸಿಲ್ ಇದೆಯಲ್ಲ.

'ನಾನು ಕೀಲಿ ಇಸ್ಕೊಂಡಿದ್ದು ನೀನು ನೋಡಿದೆಯಾ?'

…ನೋಡದೇನು? ಕೊಟ್ಟವನೇ ನಾನು. ಯಾವ ದಿನ, ಯಾವ ಗಂಟೆ ಎಲ್ಲ ಕೇಳಬೇಡ ಮತ್ತೆ. ನನಗೇನು ಕಡಲ ಕುದುರೆ ಇಲ್ವಾ ತಲೇಲಿ? ನಂದು ಸರಿಯಾಗಿದೆ. ಬರೆದಿದ್ದು ಒಂದಕ್ಷರ ಅಳಿಸಲ್ಲ ಅದು, ಅಳಿಸು ಅಂದ್ರೂ ಅಳಿಸಲ್ಲ…

ಗಂಟೆ ಎಷ್ಟಾಯ್ತು? ನಾಲ್ಕಕ್ಕೆ ಹತ್ತು ನಿಮಿಷ. ಅಕ್ಕ ಹೊರಟಿರ್ತಾಳೆ.

ಲೇ. ಕೇಳಿಸ್ತಿದೆಯಾ?

ಲೇ… ಓ, ಶುರುವಾಯ್ತಾ? ತುಟಿ ಚಪ್ಪರಿಸ್ತಿದ್ದೀಯಾ. ಕಣ್ಣು ಗೋಡೆ ಮೇಲೆ. ಮೂರು ದಿನದಿಂದ ಎಲ್ಲರೂ ಕಾದು ಕೂತಿದ್ದಾರೆ, ನೀನು ನೋಡಿದ್ರೆ ನನ್ನ ಪಾಳಿಯಲ್ಲೇ ಬರಮಾಡಿಕೊಂಡೆ. ಎಡಗೈಯಲ್ಲಿ ಯಾಕೋ ಹೊದಿಕೆ ಹಿಸುಕ್ತಿದ್ದೀಯಾ ಇವತ್ತು? ಓಹೋ, ಬಲಗೈಲಿ ಪೆನ್ಸಿಲ್ಲು.

ಸರಿ, ಶಾಸ್ತ್ರ ಮುಗಿಸೋಣ. ನಿನ್ನ ಹೆಸರೇನಪ್ಪ? …ಇಲ್ಲ. ಎರಡು ಪದ ಹೇಳ್ತೀನಿ, ನೆನಪಿಟ್ಟುಕೋ. ಏನು ಹೇಳಲಿ… ಹಳದಿ ಛತ್ರಿ. ಕೇಳಿಸ್ತಾ? ಹಳದಿ ಛತ್ರಿ. ಆಯ್ತು, ಮುಗೀತು. ಈಗ ಬಟನ್ನು…

ಒತ್ತುತ್ತೀನಿ. ಸ್ವಲ್ಪ ತಡಿ. ಒತ್ತಿದ್ರೆ ಓಡಿ ಬರ್ತಾರೆ. ನಮಗೆ ಸಿಗೋದೇ ಈ ಎರಡು ನಿಮಿಷ ಅಲ್ವಾ?

ಇದು ಹದಿನೇಳನೇ ಸಲ ಕಣೋ. ನಿಂಗೆ ಹೇಗೆ ಗೊತ್ತಿರುತ್ತೆ! ಅಂಗಡೀಲಿ, ಅಡುಗೆಮನೇಲಿ, ಒಂದು ಸಲ ಬಸ್ಸಲ್ಲಿ. ನೀನು ಹೀಗೆ ನಿಂತಾಗಲೆಲ್ಲ ಹತ್ತಿರ ಬಂದು ಕಿವಿಯಲ್ಲಿ ಹೇಳ್ತೀನಿ. ನಿನ್ನ ಅತ್ತಿಗೆ ಕೇಳಿದ್ದಾಳೆ, ಅವನಿಗೆ ಹಾಗಾದಾಗ ಏನು ಪಿಸುಗುಡ್ತೀರಾ ಅಂತ. ದೇವರ ನಾಮ ಅಂದೆ.

ಕ್ಷಮಿಸೋ. ಮೊದಲು ಅದನ್ನ ಹೇಳಿಬಿಡ್ತೀನಿ. ಕ್ಷಮಿಸು.

ಆ ಕೀಲಿ ನಿಂಗೆ ಕೊಡಲೇ ಇಲ್ಲ. ಮುರಿದೆ ಅಂತ ಎಲ್ಲರಿಗೂ ಹೇಳಿ ನನ್ನ ಪರ್ಸಲ್ಲೇ ಇಟ್ಕೊಂಡಿದ್ದೆ. ಅದಕ್ಕೆ ಹಿಂದಿನ ತಿಂಗಳು ಒಂದು ಕೀಲಿ ಪಿಟ್ಟಿನ ಎಣ್ಣೇಲಿ ಬಿದ್ದು, ಬೀಗ ಕತ್ತರಿಸೋಕೆ ಅರ್ಧ ದಿನ ಹೋಗಿತ್ತಲ್ಲ, ಅಪ್ಪನ ಶಾಸ್ತ್ರ ಯಾರಿಗೆ ಬೇಕು ಅಂತ ಇಟ್ಕೊಂಡೆ. ಅವತ್ತು ಆ ಕಟ್ಟಡದ ಕಾರ್ಯದರ್ಶಿ ಇದ್ದನಲ್ಲ, ಬೋಳುತಲೆಯವನು, ಹನ್ನೊಂದು ಗಂಟೆಗೆ ಲಿಫ್ಟು ಓಡುತ್ತೆ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಹನ್ನೊಂದು ಆಯ್ತು. ಅವನು ಹತ್ತು ಜನರೆದುರು ಗಡಿಯಾರ ತೋರಿಸಿ ನಕ್ಕ. ಅಷ್ಟೇ ಕಣೋ. ಒಬ್ಬ ಬೋಳುತಲೆಯವನ ನಗು. ಕೆಳಗೆ ಸಾಮಾನು ಚೀಲದ ಸದ್ದು ಕೇಳಿಸ್ತು, ಭಾವ ಹತ್ತಿ ಬಂದ್ರು ಅಂದ್ಕೊಂಡೆ. ಕೂಗಲಿಲ್ಲ ನಾನು. ಮೂರು ಸಲ ಅಲ್ಲ, ಒಂದು ಸಲಾನೂ ಕೂಗಲಿಲ್ಲ. ಮೆಷಿನ್ ರೂಮಿಗೆ ಹತ್ತಿ ಬಂದೆ, ಬೀಗ ತೆಗೆದೆ, ಹಿಡಿ ಎತ್ತಿದೆ.

ಆಮೇಲೆ ಕೇಳಿಸ್ತು. ಕೆಳಗಿಂದ.

ತಿರುಗಿ ನೋಡ್ತೀನಿ, ಮೂಲೇಲಿ ನೀನು. ಹೀಗೇ ನಿಂತಿದ್ದೆ. ಗೋಡೆ ನೋಡ್ತಾ ತುಟಿ ಚಪ್ಪರಿಸ್ತಾ. ನನ್ನ ಕೈಯಲ್ಲಿ ಕೀಲಿ ಇತ್ತು. ನಿನ್ನ ಕೈ ಖಾಲಿ ಇತ್ತು. ಇಟ್ಟೆ. ಬೆರಳು ಮಡಿಚಿದೆ. ನೀನಾಗಿ ಹಿಡ್ಕೊಂಡೆ ಕಣೋ, ಚಿಕ್ಕ ಮಗು ಹಿಡ್ಕೊಳ್ಳೋ ಹಾಗೆ ಬಿಗಿಯಾಗಿ ಹಿಡ್ಕೊಂಡೆ. ಎಚ್ಚರ ಆದಮೇಲೆ ಕೈ ಬಿಚ್ಚಿ ನೋಡ್ಕೊಂಡು, 'ಅಣ್ಣ, ಇದು ನನ್ನ ಕೈಗೆ ಹೇಗೆ ಬಂತು' ಅಂತ ನನ್ನನ್ನೇ ಕೇಳಿದೆ. ನಾನು ಹೇಳಿದೆ. ನಾನು ಹೇಳಿದ್ದನ್ನೇ ನೀನು ನಂಬಿದೆ. ಖಾಲಿ ತಲೆ, ಏನು ತುಂಬಿದ್ರೂ ಹಿಡಿಸುತ್ತೆ… ಹಾಗಂತ ನನಗೆ ನಾನೇ ಹೇಳ್ಕೊಂಡೆ. ಇವನಿಗೇನು, ನಾಳೆ ಮರೀತಾನೆ ಅಂತ. ಅದೊಂದನ್ನ ಮಾತ್ರ ನೀನು ಮರೀಲಿಲ್ಲ. ರಾತ್ರಿ ನಿದ್ದೇಲಿ ಭಾವ, ಭಾವ ಅಂತೀಯಾ, ಗೊತ್ತಾ ನಿಂಗೆ?

ಹೂಂ, ಮುಗೀತು. ಎರಡು ನಿಮಿಷ ಆಯ್ತು. ಇನ್ನು ಬಟನ್ ಒತ್ತಿ…

ಕಣ್ಣಲ್ಲಿ ನೀರು ಯಾಕೆ?

ಸ್ಟ್ಯಾಚು ಆದಾಗ ನಿಂಗೆ ಯಾವತ್ತೂ ಕಣ್ಣೀರು ಬಂದಿಲ್ಲ. ಹದಿನಾರು ಸಲ ನೋಡಿದ್ದೀನಿ. ಗೊತ್ತಾಯ್ತು, ರೆಪ್ಪೆ ಬಡೀದೆ ನೋಡಿದ್ರೆ ಬರುತ್ತೆ, ಅಲ್ವಾ? ಅದೇ ಇರಬೇಕು. ಲೇ, ಎಚ್ಚರ ಆಯ್ತಾ? ಏನಾಯ್ತು ಗೊತ್ತಾ, ನಿಂಗೆ ಬಂದಿತ್ತು, ಈಗ ಹೋಯ್ತು. ಸುಸ್ತಾಗಿದೆಯಾ? ಯಾಕೆ ಹಾಗೆ ನೋಡ್ತೀಯಾ? ಅಣ್ಣ ಕಣೋ.

ಎಡಗೈ… ಯಾವತ್ತೂ ಬಲಗೈ ನಿಂದು. ಬಲಗೈಲಿ ಏನಿದ್ರೂ ಬಿಸಾಕಿ, ಬಲಗೈಲೇ ಹಿಸುಕ್ತಿದ್ದೆ, ಹಾಲಿನ ಪ್ಯಾಕೆಟ್ ಬಿಸಾಕಿದ ಹಾಗೆ. ವಿಡಿಯೋ ನೋಡಿ… ಎದುರಿಗಿದ್ದವನನ್ನ ನೋಡಿ ಕಲಿತರೆ ಕನ್ನಡಿ ನೋಡಿ ಕಲಿತ ಹಾಗೆ, ಬಲ ಎಡ ಆಗುತ್ತೆ. ಎರಡು ಸಲ ಹಾಕಿಸಿಕೊಂಡು ನೋಡಿದೆ ಅಂದಳು ಅತ್ತಿಗೆ. ಥೂ, ನನ್ನ ಬುದ್ಧಿಗಿಷ್ಟು.

ಇಲ್ಲ, ಇಲ್ಲ. ನಂಗೇ ತಲೆ ಕೆಟ್ಟಿದೆ. ಪರೀಕ್ಷೆ ಇದೆಯಲ್ಲ, ಕೇಳ್ತೀನಿ. ಈಗ ನಾನು ಎರಡು ಪದ ಹೇಳಿದ್ದೆ. ಯಾವುದು? ಗೊತ್ತಿಲ್ಲ ಅಂತ ತಲೆ ಅಲ್ಲಾಡಿಸು ಸಾಕು. ಗೊತ್ತಿರಲ್ಲ ನಿಂಗೆ. ನಿಂಗೆ ಕೇಳಿಸೇ ಇಲ್ಲ. ಅಲ್ವಾ? ಅಲ್ವೇನೋ?

ಪೆನ್ಸಿಲ್ ಯಾಕೆ? ಬರೀಬೇಡ. ಬೇಡ ಅಂದೆ, ಸುಮ್ಮನೆ ತಲೆ ಅಲ್ಲಾಡಿಸು… ಕೊಡಿಲ್ಲಿ.

'ಹಳದಿ ಛತ್ರಿ.'

…

ಎಷ್ಟು ಚೆನ್ನಾಗಿ ಬರೆದಿದ್ದೀಯಾ. ಒಂದಕ್ಷರ ನಡುಗಿಲ್ಲ.

ಬೈಯೋ. ಬರೆದಾದ್ರೂ ಬೈಯಿ. ಪೆನ್ಸಿಲ್ ಯಾಕೆ ಕೆಳಗಿಟ್ಟೆ? ಆ ಡಾಕ್ಟರಮ್ಮನ ತಂತ್ರಾನಾ ಇದು? ನಿಂದೇನಾ? ಇಷ್ಟು ಬುದ್ಧಿ ಎಲ್ಲಿತ್ತೋ ನಿಂಗೆ, ಅಂಗಡಿ ಗುಡಿಸೋನಿಗೆ?

ನೋಡು, ಕೇಳು. ಅದು ನಿಂಗೆ ಕೇಳಿಸಿರಬಹುದು, ಆದರೆ ನಾಳೆಗೆ ಇರಲ್ಲ. ರಾತ್ರಿ ನಿದ್ದೇಲಿ ಕಿಡಿ ಹಾರುತ್ತೆ, ಅಳಿಸಿಹೋಗುತ್ತೆ. ಡಾಕ್ಟರೇ ಹೇಳಿದ್ದಾರೆ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ಕಾಯಿಲೆಯವನ ಮಾತು ಯಾರು ನಂಬ್ತಾರೆ…

ಲಿಫ್ಟು. ಮೂರನೇ ಮಹಡಿ ಬಿಕ್ಕಳಿಕೆ. ಈ ಮಹಡೀಲೇ ನಿಲ್ತು.

ಊರುಗೋಲಿನ ಸದ್ದು. ಭಾವ. ಪಕ್ಕದಲ್ಲಿ ಅಕ್ಕನ ಚಪ್ಪಲಿ. ಇಷ್ಟು ಬೇಗ ಬಂದರಾ? ಇಲ್ಲ… ನಾಲ್ಕಾಯ್ತು. ಗೋಡೆ ಗಡಿಯಾರ ನೋಡು, ನಾಲ್ಕು. ಇನ್ನು ಮಾತಾಡಬಹುದು ನೀನು. ವೈರ್ ಮೇಡಂ ಹೇಳಿದ ಹೊತ್ತು ಮುಗೀತು. ಹೇಳ್ಕೋ, ಬಾಯಿ ಬಿಡು! ಅದಕ್ಕೇ ತಾನೇ ಅವರನ್ನ ಕರೆಸಿದ್ದು?

ಬಾಗಿಲಲ್ಲೇ ಇದ್ದಾರೆ. ಹೇಳೋ.

ಯಾಕೋ ಇನ್ನೂ ಸುಮ್ಮನಿದ್ದೀಯಾ? ನಾಲ್ಕಾಯ್ತು ಅಂದ್ನಲ್ಲ. ಅವರ ಕಡೆ ನೋಡು, ನನ್ನ ಕಡೆ ಯಾಕೆ ನೋಡ್ತೀಯಾ? …

ನಾನೇ ಹೇಳಬೇಕೇನೋ?